ನಿಂತ ಕಾರು, ಹಸಿದ ಬ್ಯಾಟರಿ

ಓಡಿಸಿದರೆ ಬ್ಯಾಟರಿ ಸವೆಯುತ್ತದೆ, ಶೆಡ್ಡಿನಲ್ಲಿ ನಿಲ್ಲಿಸಿದರೆ ಉಳಿಯುತ್ತದೆ ಎಂದು ನಂಬಿದವರು ಬಹಳ. ನಿಜ ಬೇರೆಯೇ ಇದೆ. ಕೀ ತೆಗೆದ ಮೇಲೂ ಅಲಾರಂ, ಗಡಿಯಾರ, ರಿಮೋಟ್ ಬೀಗ ಸಣ್ಣಗೆ ಕರೆಂಟ್ ಹೀರುತ್ತಲೇ ಇರುತ್ತವೆ. ಅದು 50 ಮಿಲಿಆಂಪಿಯರ್ ಎಂದುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಒಂದು ತಿಂಗಳಲ್ಲಿ ಬಹುತೇಕ ಬರಿದು. ಚಾರ್ಜ್ ಇಳಿದಾಗ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಅಷ್ಟು ಜಾಗ ಕೆಲಸಕ್ಕೆ ಬಾರದು.

ಹಾಗೆಂದು ಯಾವುದೋ ಚಾರ್ಜರ್ ಸಿಕ್ಕಿಸಿ ಮರೆತರೆ ಇನ್ನೊಂದು ಕೇಡು. ಹಳೆಯ ಸಾದಾ ಚಾರ್ಜರಿಗೆ ನಿಲ್ಲಿಸುವುದು ತಿಳಿಯದು. ಬ್ಯಾಟರಿ ತುಂಬಿದ ಮೇಲೂ ಕರೆಂಟ್ ತಳ್ಳಿ ಒಳಗಿನ ನೀರನ್ನು ಅನಿಲವಾಗಿಸುತ್ತದೆ. ಸ್ಮಾರ್ಟ್ ಚಾರ್ಜರಿನ ಬೆಲೆ ಇರುವುದು ಇಲ್ಲೇ. ಹಾಲು ಉಕ್ಕುವ ಹೊತ್ತಿಗೆ ಉರಿ ತಗ್ಗಿಸುವ ಹಾಗೆ, ವೋಲ್ಟೇಜ್ ಸುಮಾರು 14.4ಕ್ಕೆ ಏರಿದಾಗ ಅದನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಯಲು ಬಿಡುತ್ತದೆ, ತುಂಬಿದ ಮೇಲೆ 13.5ರ ಆಸುಪಾಸಿನಲ್ಲಿ ಕಾಯುತ್ತದೆ. ಆದ್ದರಿಂದ ಕೊಳ್ಳುವಾಗ ವೇಗಕ್ಕೆ ಮರುಳಾಗಬಾರದು. ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಭಾಗ ಕರೆಂಟ್ ಸಾಕು: 35ರ ಬ್ಯಾಟರಿಗೆ ಸುಮಾರು 4 ಆಂಪಿಯರ್. ನಿಮ್ಮದು ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ) ಬ್ಯಾಟರಿಯಾದರೆ ಅದಕ್ಕೆ ಪ್ರತ್ಯೇಕ ಮೋಡ್ ಇರಲೇಬೇಕು. ಲಿಥಿಯಂ ಮೋಡನ್ನು ಸೀಸದ ಬ್ಯಾಟರಿಗೆ ಬಳಸಬಾರದು.

ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಆನ್ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಿಂತಲ್ಲೇ ಮೆಲ್ಲಗೆ ತಿರುಗುವ ಎಂಜಿನ್ನಿನಿಂದ ವಾರವಿಡೀ ಸೋರಿದ್ದು ಅಷ್ಟರಲ್ಲಿ ತುಂಬುವುದು ಕಷ್ಟ. ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ ಎನ್ನುವವರ ಮಾತಿನಲ್ಲಿ ಮಾತ್ರ ಹುರುಳಿದೆ. ಮಕ್ಕಳ ಮನೆಗೆಂದು ವಿದೇಶಕ್ಕೆ ಹೊರಟವರಿಗೆ ಖರ್ಚಿಲ್ಲದ ಉಪಾಯ ಅದು. ಆದರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದು ನಿಲ್ಲದು, ಬೇಸಿಗೆಯ ಬಿಸಿಯಲ್ಲಿ ಇನ್ನೂ ಬೇಗ. ಬಿಚ್ಚುವ ಮುನ್ನ ಪೂರ್ತಿ ಚಾರ್ಜ್ ಮಾಡಿದರೇ ಅದರ ಫಲ. ದಿನವೂ ದೂರ ಓಡುವ ಕಾರಿಗಂತೂ ಈ ಚಾರ್ಜರ್ ಬೇಡವೇ ಬೇಡ.

ಗಟ್ಟಿಯಾದ ಸಲ್ಫೇಟ್ ಬಿಡಿಸಲೆಂದು ಕೆಲವು ಸ್ಮಾರ್ಟ್ ಚಾರ್ಜರುಗಳಲ್ಲಿ ಇರುವ 'ರಿಪೇರಿ' ಗುಂಡಿಯ ಮೇಲೆ ಹೆಚ್ಚು ಆಸೆ ಬೇಡ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟ ಮೇಲೂ ಮಲ್ಟಿಮೀಟರ್ 12.4ಕ್ಕಿಂತ ಕೆಳಗೆ ತೋರಿಸಿದರೆ ಬ್ಯಾಟರಿ ಅಂಗಡಿಯವರಿಂದ ಲೋಡ್ ಟೆಸ್ಟ್ ಮಾಡಿಸಿ. ಇನ್ನು ಜೋಡಿಸುವ ಕ್ರಮ: ಪ್ಲಗ್ ಹಾಕುವ ಮೊದಲೇ ಕೆಂಪು ಕ್ಲಿಪ್ ಪಾಸಿಟಿವ್‌ಗೆ, ಆಮೇಲೆ ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರದ ಬಾಡಿ ಲೋಹಕ್ಕೆ. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ; ಶೆಡ್ಡಿನ ಬಾಗಿಲು ತೆರೆದೇ ಇರಲಿ.