ಮೊಲದ ಮಾತು ತಕ್ಕಡಿಯಲ್ಲಿ

ಮೇ ತಿಂಗಳ ಒಂದು ಮಧ್ಯಾಹ್ನ ಸಿಂಧನೂರು ಸೀಮೆಯ ಮುಕ್ಕುಂದದಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮಾ, ಬಿಳಿ ಮೊಲ ನಿನ್ನೆಯಿಂದ ಒಂದೇ ಕಡೆ ಕುಂತೈತಿ. ಹುಲ್ಲು ಮುಟ್ಟವಲ್ದು." ಗೂಡು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಮಾಳಿಗೆಯ ಮೇಲೆ, ತಗಡಿನ ಕೆಳಗೆ ಎಂದಳು. ಸಂಜೆಯೊಳಗೆ ಆ ಮೊಲ ಸತ್ತಿತು. ಜೊತೆಯ ಬೂದು ಮೊಲ ಉಳಿಯಿತು. ಎರಡು ದಿನದ ಹಿಂದಿನವರೆಗೂ ಚೆನ್ನಾಗಿಯೇ ಇತ್ತು ಎಂದು ಅವಳು ಅಳುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬಹುಶಃ ಚೆನ್ನಾಗಿರಲಿಲ್ಲ. ಚೆನ್ನಾಗಿರುವಂತೆ ಕಾಣುತ್ತಿತ್ತು, ಅಷ್ಟೇ.

ನರಿ, ಹದ್ದುಗಳಿಗೆ ಆಹಾರವಾಗುವ ಪ್ರಾಣಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ಸೊರಗಿದವನನ್ನೇ ಬೇಟೆಗಾರ ಮೊದಲು ಹಿಡಿಯುತ್ತಾನೆ. ನಾಯಿ ಕುಂಯ್ ಎನ್ನುತ್ತದೆ, ಎಮ್ಮೆ ಒದರುತ್ತದೆ, ಮೊಲ ಸುಮ್ಮನೆ ಮೂಲೆಗೆ ಸರಿಯುತ್ತದೆ. ನಮ್ಮ ಕಣ್ಣಿಗೆ ಅದು ಕಾಯಿಲೆ ಎಂದು ಕಾಣುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಆದರೆ ಅದರ ಮೈಯ ತೂಕ ಸುಳ್ಳು ಹೇಳುವುದಿಲ್ಲ. ತೂಕ ಏಕೆ ಇಳಿಯುತ್ತದೆ ಎಂದು ಹುಡುಕುತ್ತಾ ಹೋದರೆ ಅದರ ಹೊಟ್ಟೆಗೂ ಅಲ್ಲಿಂದ ತಗಡಿನ ಬಿಸಿಗೂ ಬಂದು ನಿಲ್ಲುತ್ತೇವೆ. ತೂಕ, ಮೇವು, ಶಾಖ ಮೂರೂ ಒಂದೇ ಲೆಕ್ಕದ ಮೂರು ಸಾಲುಗಳು.

ಮೊದಲು ಹೊಟ್ಟೆಯ ವಿಚಾರ. ಮೊಲಕ್ಕೆ ದನದ ಹಾಗೆ ನಾಲ್ಕು ಕೋಣೆಯ ಹೊಟ್ಟೆಯಿಲ್ಲ. ಹುಲ್ಲಿನ ನಾರನ್ನು ಹುದುಗಿಸುವ ಕೆಲಸ ನಡೆಯುವುದು ಸಣ್ಣಕರುಳು ಮುಗಿಯುವಲ್ಲಿರುವ ದೊಡ್ಡ ಚೀಲದಲ್ಲಿ, ಅಂದರೆ ಕುರುಡುಕರುಳಿನಲ್ಲಿ. ಕೋಟ್ಯಂತರ ಬ್ಯಾಕ್ಟೀರಿಯಾಗಳು ಅಲ್ಲಿ ನಾರನ್ನು ಒಡೆದು ಶಕ್ತಿ ಕೊಡುವ ಆಮ್ಲಗಳನ್ನು ಮಾಡುತ್ತವೆ, ಬಿ ಗುಂಪಿನ ವಿಟಮಿನ್ನುಗಳನ್ನೂ ಪ್ರೊಟೀನನ್ನೂ ತಯಾರಿಸುತ್ತವೆ. ಆದರೆ ಈ ಪ್ರೊಟೀನನ್ನು ಹೀರಿಕೊಳ್ಳಬೇಕಾದ ಸಣ್ಣಕರುಳು ಹಿಂದೆಯೇ ಉಳಿದಿರುತ್ತದೆ. ಮೊಲ ಇದಕ್ಕೊಂದು ದಾರಿ ಕಂಡುಕೊಂಡಿದೆ. ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡ ಮೆತ್ತನೆಯ ಹಿಕ್ಕೆಯನ್ನು ಅದು ನೇರವಾಗಿ ಬಾಯಿಯಿಂದಲೇ ಎತ್ತಿಕೊಂಡು ತಿನ್ನುತ್ತದೆ. ಇದನ್ನು ಕಂಡ ಮನೆಯವರು ಹೇಸಿಕೊಂಡು ಬೈಯುವುದುಂಟು. ಬೈಯಬೇಡಿ. ಅದು ಮೊಲದ ಎರಡನೇ ಊಟ. ನಾವು ಕಸಬರಿಗೆಯಿಂದ ಗುಡಿಸುವ ಗಟ್ಟಿ ಗುಂಡುಗಳು ಬೇರೆ.

ಈ ಯಂತ್ರ ನಿಲ್ಲಬಾರದು. ಆರೋಗ್ಯವಂತ ಮೊಲದ ಹೊಟ್ಟೆ ಎಂದೂ ಖಾಲಿಯಿರುವುದಿಲ್ಲ, ಮೊಲಕ್ಕೆ ವಾಂತಿಯೂ ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು, ಅದನ್ನು ಸಾಗಿಸುವುದು ಉದ್ದ ನಾರು. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು ಸ್ಥಿತಿ. "ನಾಳೆ ನೋಡೋಣ" ಎನ್ನುವಂತಿಲ್ಲ. ಹಾಗಾಗಿ ಮೇವಿನ ಬಹುಪಾಲು ಹುಲ್ಲೇ ಆಗಿರಬೇಕು, ಹಗಲೂ ರಾತ್ರಿ ಮುಂದಿರಬೇಕು. ಹಲ್ಲಿಗೂ ಅದೇ ಮದ್ದು. ಮೊಲದ 28 ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದರೆ ಸವೆಯುತ್ತವೆ, ಅನ್ನ ಬಿಸ್ಕತ್ತು ತಿಂದರೆ ಸವೆಯುವುದಿಲ್ಲ. ಬೆಳೆದ ಹಲ್ಲು ಕೆನ್ನೆ, ನಾಲಿಗೆಗೆ ಚುಚ್ಚಿದಾಗ ಮೊಲ ತಿನ್ನುವುದನ್ನು ಬಿಡುತ್ತದೆ, ತೂಕ ಇಳಿಯುತ್ತದೆ. ಗಜ್ಜರಿ ಚಿತ್ರಪುಸ್ತಕದ ಮೊಲಕ್ಕೆ ಇರಲಿ. ಸಾಕಿದ ಮೊಲಕ್ಕೆ ಅದು ಸಿಹಿತಿಂಡಿ, ಒಂದು ಚೂರು ಸಾಕು.

ಮುಕ್ಕುಂದದಲ್ಲಿ ಹುಲ್ಲಿಗೆ ಬರವೇ ಎಂದು ಯಾರಾದರೂ ಕೇಳಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಸೀಮೆಯಲ್ಲಿ ನೆಲ್ಲು ಹುಲ್ಲಿನ ಬಣವೆಗಳಿಗೆ ಕೊರತೆಯಿಲ್ಲ. ಆದರೆ ನೆಲ್ಲು ಹುಲ್ಲಿನಲ್ಲಿ ಮರಳಿನ ಗುಣದ ಸಿಲಿಕಾ ಹೆಚ್ಚು, ಸತ್ವ ಕಡಿಮೆ. ಹಾಸಿಗೆಗೆ ಚೆನ್ನ, ಅಗಿಯಲಿಕ್ಕೂ ಆದೀತು, ಅದನ್ನೇ ನಂಬಿದರೆ ಮೊಲ ಸೊರಗುತ್ತದೆ. ಕರಿಕಿ ಹುಲ್ಲು ಉತ್ತಮ. ಜೊತೆಗೆ ಮೂಲಂಗಿ ಸೊಪ್ಪು, ಕೊತ್ತಂಬರಿ ಒಂದು ಹಿಡಿ. ಕುದುರೆ ಮಸಾಲೆ ಬೆಳೆಯುವ ಮರಿಗೆ ಒಳ್ಳೆಯದು, ಬೆಳೆದ ಮೊಲಕ್ಕೆ ಮಿತಿಯಲ್ಲಿರಲಿ: ಮೊಲದ ಕರುಳು ಮೇವಿನಲ್ಲಿರುವ ಕ್ಯಾಲ್ಸಿಯಂ ಅನ್ನು ಬೇಕಾದ್ದಕ್ಕಿಂತ ಹೆಚ್ಚು ಹೀರಿಕೊಂಡು ಮೂತ್ರದಲ್ಲಿ ಹೊರಹಾಕುತ್ತದೆ, ಅತಿಯಾದರೆ ಮೂತ್ರಕೋಶದಲ್ಲಿ ಕೆಸರು ಕಟ್ಟುತ್ತದೆ. ಎಳೆ ಜೋಳದ ಗರಿ ಬೇಡವೇ ಬೇಡ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ, ದನಗಳೂ ಅದನ್ನು ತಿಂದು ಬಿದ್ದದ್ದನ್ನು ನಮ್ಮ ಕಡೆಯ ರೈತರು ಬಲ್ಲರು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬದುವಿನ ಹುಲ್ಲು. ಗದ್ದೆಗೆ ಹೊಡೆದ ಔಷಧಿ ಬದುವಿನ ಮೇಲೂ ಬೀಳುತ್ತದೆ. ಕಾಂಡಕೊರಕ ಹುಳಕ್ಕೆ ಬಳಸುವ ಫಿಪ್ರೊನಿಲ್ ಎಂಬ ಕೀಟನಾಶಕವನ್ನೇ ನಾಯಿಯ ಉಣ್ಣೆ, ಚಿಗಟದ ಔಷಧಿಯಲ್ಲೂ ಬಳಸುತ್ತಾರೆ. ನಾಯಿಗೆ ಅದು ನಡೆಯುತ್ತದೆ, ಮೊಲಕ್ಕೆ ನಡುಕ ತರಿಸಿ ಕೊಲ್ಲಬಲ್ಲದು. ಅಮಾಕ್ಸಿಸಿಲಿನ್ ಕೂಡ ಹಾಗೆಯೇ. ಮಗುವಿನ ಜ್ವರಕ್ಕೆ ತಂದು ಉಳಿದ ಆ ಔಷಧಿಯನ್ನು ಮೊಲದ ಬಾಯಿಗೆ ಹಾಕಿದರೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಸುರಿಸುವ ಜಾತಿಗಳು ಹೆಚ್ಚಿಬಿಡುತ್ತವೆ. ಪಶುವೈದ್ಯರನ್ನು ಕೇಳದೆ ಒಂದು ಹನಿಯನ್ನೂ ಹಾಕಬಾರದು.

ಇನ್ನು ಶಾಖ. ನಾವು ಸಾಕುವ ಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯವರು. ಅವರು ಬಿಸಿಲಿನ ಹೊತ್ತನ್ನು ನೆಲದಡಿಯ ಬಿಲದಲ್ಲಿ ಕಳೆದು, ಮುಂಜಾನೆ ಮುಸ್ಸಂಜೆ ಮೇಯಲು ಬರುತ್ತಿದ್ದರು. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಶಾಖವನ್ನು ಕಿವಿಯಿಂದ ಚೆಲ್ಲುತ್ತದೆ. ಕಿವಿಗಳು ಮೈಯ ಒಟ್ಟು ಮೇಲ್ಮೈಯಲ್ಲಿ ಸುಮಾರು ಶೇ. 12ರಷ್ಟು. ಬಿಸಿಯಾದಾಗ ಅಲ್ಲಿನ ರಕ್ತನಾಳಗಳು ಹಿಗ್ಗಿ ರಕ್ತವನ್ನು ಗಾಳಿಗೆ ಹಿಡಿಯುತ್ತವೆ. ಆದರೆ ಗಾಳಿಯೇ ಮೈಗಿಂತ ಬಿಸಿಯಾದರೆ? ಮೊಲದ ಮೈಶಾಖ 38.5ರಿಂದ 40 ಡಿಗ್ರಿ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಹೊರಗೆ 40 ದಾಟುವುದು ಹೊಸದಲ್ಲ, ತಗಡಿನ ಕೆಳಗೆ ಅದಕ್ಕೂ ಹೆಚ್ಚು. ಆಗ ಕಿವಿ ಕೆಲಸ ಮಾಡುವುದು ಹೇಗೆ? 30 ಡಿಗ್ರಿ ದಾಟುತ್ತಲೇ ಮೊಲ ಕಷ್ಟಪಡತೊಡಗುತ್ತದೆ, 35 ದಾಟಿದರೆ ಪ್ರಾಣಕ್ಕೆ ಕುತ್ತು. ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ದಕ್ಷಿಣದಲ್ಲಿ ಮೊಲಗಳನ್ನು ಸಾಕುತ್ತಿರುವುದು ಕೊಡೈಕನಾಲ್ ಹತ್ತಿರದ ಮನ್ನವನೂರಿನ ತಂಪು ಬೆಟ್ಟದಲ್ಲಿ. ಆ ಜಾಗಕ್ಕೂ ನಮ್ಮ ಎರೆಹೊಲದ ಸೀಮೆಗೂ ಎಷ್ಟು ದೂರ!

ಮೂರು ಸಾಲುಗಳು ಕೂಡುವುದು ಇಲ್ಲೇ. ಹುಲ್ಲು ಹುದುಗುವಾಗ ಹೊಟ್ಟೆಯೊಳಗೇ ಶಾಖ ಹುಟ್ಟುತ್ತದೆ. ಹೊರಗೆ ಸೆಕೆಯಾದಾಗ ಒಳಗಿನ ಒಲೆ ತಣ್ಣಗಾಗಲೆಂದು ಮೊಲ ಮೇವು ಕಡಿಮೆ ಮಾಡುತ್ತದೆ. ಮೇವು ಕಡಿಮೆಯಾದರೆ ನಾರು ಕಡಿಮೆ, ಕರುಳಿನ ಚಲನೆ ನಿಧಾನ, ಹಿಕ್ಕೆ ಸಣ್ಣದು, ತೂಕ ಇಳಿತ. ಕರುಳು ಪೂರ್ತಿ ನಿಂತ ಮೇಲೆ ಲೆಕ್ಕ ತಿರುಗಿಬೀಳುತ್ತದೆ: ಆ ಮೊಲದ ಮೈ ತಣ್ಣಗಾಗತೊಡಗುತ್ತದೆ. ಸುಡುವ ಕಿವಿ ಸೆಕೆಯ ಗುರುತಾದರೆ, ಸೊರಗಿ ಕುಂತ ಮೊಲದ ತಣ್ಣನೆಯ ಕಿವಿ ಇನ್ನೂ ಕೆಟ್ಟ ಗುರುತು. ಅಂಥ ಮೊಲವನ್ನು ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟುಕೊಂಡೇ ವೈದ್ಯರ ಬಳಿ ಒಯ್ಯಬೇಕು.

ಬೂದು ಮೊಲವನ್ನು ಮರುದಿನವೇ ಕೆಳಗಿಳಿಸಿ ಪಡಸಾಲೆಯ ಫರ್ಸಿ ಕಲ್ಲಿನ ಮೇಲೆ ಬಿಟ್ಟರು. ಕಲ್ಲು ಮೈಯ ಬಿಸಿ ಎಳೆದುಕೊಳ್ಳುತ್ತದೆ. ಕಿಟಕಿಗೆ ನೆನೆಸಿದ ಗೋಣಿಚೀಲ ಕಟ್ಟಿದರು. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಗೋಣಿ ಚೆನ್ನಾಗಿ ತಂಪು ಕೊಡುತ್ತದೆ, ಆದರೆ ಗಾಳಿ ಆಡಬೇಕು. ಹುಲ್ಲು ಹಗಲೂ ಮುಂದಿದ್ದರೂ ತಾಜಾ ಮೇವು ನಸುಕಿನಲ್ಲಿ, ಮತ್ತೆ ರಾತ್ರಿ. ಮೊಲ ಬಾಯಿ ತೆರೆದು ಏದುಸಿರು ಬಿಟ್ಟು ಜೊಲ್ಲು ಸುರಿಸಿದರೆ ಕಿವಿಗೆ ಒದ್ದೆ ಬಟ್ಟೆ ಸವರಬೇಕು. ತಣ್ಣೀರಿನಲ್ಲಿ ಮುಳುಗಿಸಬಾರದು, ಆ ಆಘಾತವೇ ಕೊಂದೀತು.

ಚಳಿಗಾಲದಲ್ಲಿ ಬೆಳೆದ ಮೊಲಕ್ಕೆ ನಮ್ಮೂರಿನ ರಾತ್ರಿ ಕಷ್ಟವಲ್ಲ. ಒಣಗಿದ ಹಾಸಿಗೆ, ಗಾಳಿ ನೇರ ಬಡಿಯದ ಮೂಲೆ ಇದ್ದರೆ ಅದರ ತುಪ್ಪಳವೇ ಕಂಬಳಿ. ಬೆತ್ತಲೆಯಾಗಿ, ಕಣ್ಣು ಮುಚ್ಚಿ ಹುಟ್ಟುವ ಮರಿಗಳ ಮಾತು ಬೇರೆ. ತಾಯಿ ತನ್ನ ಎದೆಯ ತುಪ್ಪಳ ಕಿತ್ತು ಗೂಡು ಹಾಸುತ್ತಾಳೆ, ಮರಿಗಳು ಒಂದಕ್ಕೊಂದು ಒತ್ತಿಕೊಂಡು ಶಾಖ ಹಂಚಿಕೊಳ್ಳುತ್ತವೆ. ಗುಂಪಿನಿಂದ ಉರುಳಿದ ಮರಿಯನ್ನು ಬೆಚ್ಚಗೆ ಮಾಡಿ ಗೂಡಿಗೆ ಸೇರಿಸಿ. ತಾಯಿ ದಿನಕ್ಕೆ ಒಂದೇ ಸಲ, ಮೂರ್ನಾಲ್ಕು ನಿಮಿಷ ಮಾತ್ರ ಹಾಲೂಡುತ್ತಾಳೆ. ಮರಿ ಬಿಟ್ಟಳು ಎಂದು ಗಾಬರಿಯಾಗುವ ಬದಲು ಮರಿಗಳನ್ನು ದಿನಾ ತೂಗಿ ನೋಡಬಹುದು. ಹಾಲು ಸಿಕ್ಕ ಮರಿ ವಾರದೊಳಗೆ ತೂಕ ಇಮ್ಮಡಿ ಮಾಡಿಕೊಳ್ಳುತ್ತದೆ.

ತೂಗುವುದಕ್ಕೆ ದೊಡ್ಡ ಸಾಧನವೇನೂ ಬೇಡ. ಕಿರಾಣಿ ಅಂಗಡಿಯ ತೂಕದ ಮಷಿನ್ ಮತ್ತು ಒಂದು ಪುಟ್ಟಿ ಸಾಕು. ಕಿವಿ ಹಿಡಿದು ಎತ್ತಬಾರದು. ಮೊಲದ ಎಲುಬುಗೂಡು ಮೈತೂಕದ ಶೇ. 8ರಷ್ಟೂ ಇಲ್ಲ, ಹಿಂಗಾಲಿನ ಸ್ನಾಯುಗಳು ಮಾತ್ರ ಬಲಶಾಲಿ. ಗಾಬರಿಯಿಂದ ಝಾಡಿಸಿದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಹುದು. ಒಂದು ಕೈ ಎದೆಯಡಿ, ಒಂದು ಕೈ ಕುಂಡೆಯಡಿ ಇರಲಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಬೇಕು. ಎರಡು ಕೆಜಿಯ ಮೊಲ ಒಂದೆರಡು ವಾರದಲ್ಲಿ 200 ಗ್ರಾಂ ಕಳೆದುಕೊಂಡರೆ ಅದು 60 ಕೆಜಿಯ ಮನುಷ್ಯ ಆರು ಕೆಜಿ ಇಳಿದಂತೆ. ತೂಕ ಏರುತ್ತಲೇ ಹೋಗುವುದೂ ಒಳ್ಳೆಯದಲ್ಲ: ಬೊಜ್ಜಿನ ಮೊಲ ಬಗ್ಗಿ ತನ್ನ ಎರಡನೇ ಊಟ ತಿನ್ನಲಾರದು, ಹಿಂಭಾಗ ಹೊಲಸಾಗಿ ನೊಣ ಮೊಟ್ಟೆಯಿಟ್ಟು ಹುಳವಾಗುತ್ತದೆ. ಬೆನ್ನ ಮೇಲೆ ಬೆರಳಾಡಿಸಿದರೆ ಎಲುಬು ಕೈಗೆ ಸಿಗಬೇಕು, ಚುಚ್ಚಬಾರದು.

ಅಂಗನವಾಡಿಯಲ್ಲಿ ಮಕ್ಕಳ ತೂಕಕ್ಕೆ ಗೆರೆ ಎಳೆಯುವುದನ್ನು ನೋಡಿದ ಅಕ್ಕನ ಮಗಳು ಈಗ ಅಡುಗೆಮನೆಯ ಗೋಡೆಯ ಮೇಲೆ ಬೂದು ಮೊಲಕ್ಕೂ ಗೆರೆ ಎಳೆಯುತ್ತಾಳೆ. ಹೋದ ಭಾನುವಾರ ಫೋನ್ ಬಂತು.

"ಒಂದು ಕೆಜಿ ಎಂಟುನೂರಾ ಅರವತ್ತು ಐತಿ ಮಾಮಾ. ಹಿಂದಿನ ವಾರಕ್ಕಿಂತ ಇಪ್ಪತ್ತು ಗ್ರಾಂ ಜಾಸ್ತಿ. ಕರಿಕಿ ಒಂದು ಹಿಡಿ ಕಮ್ಮಿ ಮಾಡ್ಲೇನು?"

"ಇಪ್ಪತ್ತು ಗ್ರಾಂ ಅಂದ್ರ ಒಂದು ಸಲದ ಮೂತ್ರ ಅವ್ವಾ. ಕರಿಕಿ ಎಂದೂ ಕಮ್ಮಿ ಮಾಡಬ್ಯಾಡ. ಬಿಸ್ಕೀಟು ಯಾರರ ಹಾಕಾಕತ್ತಾರೇನು, ಅದನ್ನ ನೋಡು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳು ಒಳಗೆ ತಮ್ಮನನ್ನು ಕರೆಯುವುದು ಕೇಳಿಸಿತು.