ಸಮುದ್ರವಿಲ್ಲದ ದ್ವೀಪಕ್ಕೊಂದು ಸುತ್ತು

ಹೆಸರಿನಲ್ಲಿ ಸಮುದ್ರವಿದ್ದರೂ ಕೊಳ್ಳೇಗಾಲ ತಾಲ್ಲೂಕಿನ ಶಿವನಸಮುದ್ರವನ್ನು ದ್ವೀಪವಾಗಿಸಿದ್ದು ಕಾವೇರಿ. ಇಲ್ಲಿ ಎರಡಾಗಿ ಕವಲೊಡೆಯುವ ನದಿ ಒಂದೆಡೆ ಗಗನಚುಕ್ಕಿಯಾಗಿ, ಇನ್ನೊಂದೆಡೆ ಭರಚುಕ್ಕಿಯಾಗಿ ಧುಮುಕಿ ಕೆಳಗೆ ಮತ್ತೆ ಒಂದಾಗುತ್ತದೆ.

ಈ ದ್ವೀಪವನ್ನು ಸುತ್ತಿಬರಲು ಹೊರಡುವ ಮುನ್ನ ನದಿಯಲ್ಲಿ ನೀರಿದೆಯೇ ಎಂದು ವಿಚಾರಿಸಿಕೊಳ್ಳಿ. 1902ರಲ್ಲಿ ಇಲ್ಲಿನ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿಗೆ ಅದು ತಲುಪಿದ್ದು 1905ರಲ್ಲಿ. ಮೊದಲ ಪಾಲು ಗಣಿಯದು! ಆ ವಿದ್ಯುದಾಗಾರಕ್ಕೆ ಈಗಲೂ ನದಿಯ ನೀರು ನಾಲೆ ಮೂಲಕ ತಿರುಗುವುದರಿಂದ ಬೇಸಿಗೆಯಲ್ಲಿ ಜಲಪಾತದ ಜಾಗದಲ್ಲಿ ಕಾಣುವುದು ಬರೀ ಬಂಡೆ. ಜುಲೈಯಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಕನ್ನಂಬಾಡಿ, ಕಬಿನಿ ತುಂಬಿ ನೀರು ಬಿಟ್ಟಾಗ ಹೋಗುವುದು ಲೇಸು.

ಕೊಳ್ಳೇಗಾಲದಿಂದ ಸತ್ತೇಗಾಲ ಹ್ಯಾಂಡ್‌ಪೋಸ್ಟಿಗೆ ಬಂದು ದ್ವೀಪದ ದಾರಿ ಹಿಡಿಯಬೇಕು. ಕಲ್ಲುಕಂಬಗಳ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ವಾಹನಗಳಿಗೆ ಪಕ್ಕದ ಹೊಸ ಸೇತುವೆಯಿದೆ. ಶ್ರೀರಂಗಪಟ್ಟಣದ ಆದಿರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಇವರ ನಡುವಿನ ಮಧ್ಯರಂಗನ ಗುಡಿ ದ್ವೀಪದಲ್ಲಿದೆ. ಅಲ್ಲಿಂದ ಭರಚುಕ್ಕಿ ಹತ್ತಿರ.

ಗಗನಚುಕ್ಕಿಯ ಬಳಿಯ ದರ್ಗಾ ಕೂಡ ದ್ವೀಪದಲ್ಲೇ ಇದೆ. ಆದರೆ ಆ ಬದಿಯ ಬಂಡೆಗಳಿಗೆ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಜಲಪಾತ ಎದುರಿನಿಂದ ಪೂರ್ತಿ ಕಾಣುವುದು ಆಚೆ ದಡದ, ಮಂಡ್ಯ ಜಿಲ್ಲೆಗೆ ಸೇರಿದ ವೀಕ್ಷಣಾ ಸ್ಥಳದಿಂದ. ಅಲ್ಲಿಗೆ ಹೆದ್ದಾರಿಗೆ ಮರಳಿ, ನದಿ ದಾಟಿ, ಮಳವಳ್ಳಿ ಕಡೆಯಿಂದ ಬಳಸಿ ಬರಬೇಕು.