ಡಾಕ್ಟರ್ ಕ್ವಿನ್: ನೋಡೋರಿದ್ದರೂ ನಿಂತುಹೋದ ಸೀರಿಯಲ್

ಇವತ್ತು ಒಂದು ಹಳೇ ಅಮೆರಿಕನ್ ಸೀರಿಯಲ್‌ನ ಲೆಕ್ಕಾಚಾರ ನೋಡೋಣ. ಹೆಸರು 'ಡಾ. ಕ್ವಿನ್, ಮೆಡಿಸಿನ್ ವುಮನ್'. 1993ರ ಜನವರಿ 1ರಂದು ಸಿಬಿಎಸ್ ಚಾನೆಲ್‌ನಲ್ಲಿ ಶುರುವಾಯ್ತು. ಕಥೆ 1867ರದ್ದು. ಬಾಸ್ಟನ್‌ನ ಮಿಕೇಲಾ ಕ್ವಿನ್ (ಪಾತ್ರ ಮಾಡಿದ್ದು ಜೇನ್ ಸೀಮೋರ್) ಕೊಲರಾಡೋ ಸ್ಪ್ರಿಂಗ್ಸ್‌ಗೆ ಡಾಕ್ಟರಾಗಿ ಬರ್ತಾಳೆ. ಊರವರು ಕಾಯ್ತಿದ್ದದ್ದು ಗಂಡಸು ಡಾಕ್ಟರಿಗೆ! ಟೆಲಿಗ್ರಾಂನಲ್ಲಿ 'ಮಿಕೇಲಾ' ಅನ್ನೋದು 'ಮೈಕಲ್ ಎ.' ಆಗಿಬಿಟ್ಟಿತ್ತು. ಇಂಗ್ಲಿಷಲ್ಲಿ ಬರೆದು ನೋಡಿ, ಕೊನೇ ಅಕ್ಷರ ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು. ಅಂದಹಾಗೆ, ನಿಜವಾದ ಕೊಲರಾಡೋ ಸ್ಪ್ರಿಂಗ್ಸ್ ಹುಟ್ಟಿದ್ದೇ 1871ರಲ್ಲಿ. ಇರಲಿ ಬಿಡಿ.

ಶನಿವಾರ ರಾತ್ರಿ ಜನ ಕೂತು ನೋಡ್ತಿದ್ರು. ಆದ್ರೂ ಆರು ಸೀಸನ್ ಆದ್ಮೇಲೆ, 1998ರಲ್ಲಿ ಚಾನೆಲ್ ನಿಲ್ಲಿಸಿಬಿಡ್ತು. ಯಾಕೆ? ಬಿಕಾಂ ಓದಿದ ನನಗೆ ಆಸಕ್ತಿ ಇರೋದು ಇಲ್ಲೇ. ಟಿವಿ ಚಾನೆಲ್‌ಗೆ ನಾವು ಗಿರಾಕಿಗಳಲ್ಲ. ಗಿರಾಕಿ ಅಂದ್ರೆ ಜಾಹೀರಾತು ಕೊಡೋ ಕಂಪನಿ. ಅವರಿಗೆ ಮಾರೋ ಸರಕು ನಾವು. ಸರಕಿಗೆ ವಯಸ್ಸಿನ ಮೇಲೆ ರೇಟು. ಅಮೆರಿಕದಲ್ಲಿ 18ರಿಂದ 49 ವರ್ಷದವರಿಗೆ ಬೆಲೆ ಜಾಸ್ತಿ. ಕ್ವಿನ್ ನೋಡ್ತಿದ್ದವರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಮನೆಗೆ ಏನು ತರಬೇಕು ಅಂತ ನಿರ್ಧಾರ ಮಾಡೋದು ಅವರೇ ಅಲ್ವಾ? ನನ್ನ ಪ್ರಕಾರ ಆ ಲೆಕ್ಕವೇ ಕುರುಡು. ಹೆಂಗಸು ಅಂತ ಊರೇ ಬೇಡ ಅಂದ ಡಾಕ್ಟರ ಕಥೆ ಅದು; ಹೆಂಗಸರು ನೋಡ್ತಾರೆ ಅನ್ನೋದೇ ಅದಕ್ಕೆ ಮೈನಸ್ ಆಯ್ತು.

ಅಭಿಮಾನಿಗಳು ಸುಮ್ಮನಿರಲಿಲ್ಲ, ಗಲಾಟೆ ಮಾಡಿದ್ರು. 1999ರಲ್ಲೊಂದು, 2001ರಲ್ಲೊಂದು ಟಿವಿ ಸಿನಿಮಾ ಬಂತು. ಸೀರಿಯಲ್ ಮಾತ್ರ ವಾಪಸ್ ಬರಲೇ ಇಲ್ಲ.